ನಾಲ್ಕನೇ ನಂಬರಿನ ಬಿಲ್ಲೆ

2006ರ ಮಾರ್ಚ್ 16, ಗುರುವಾರ ಬೆಳಿಗ್ಗೆ 10.20ಕ್ಕೆ ತುಳಸಿ ತೆಲುಗು ಸೀಮೆಯ ಪೆಂಡುರ್ತಿಯ ಪೊಲೀಸ್ ಠಾಣೆಗೆ ಬಂದಳು. ಅವಳ ಗಂಡ ಶಂಕರಪ್ಪ ಹಾವೇರಿ ಕಡೆಯವನು. ಠಾಣೆಗೆ ನಾಲ್ಕು ಮೈಲಿ ದೂರದ ಖಾಸಗಿ ಔಷಧ ಕಾರ್ಖಾನೆಯಲ್ಲಿ ಅಗ್ನಿಶಾಮಕ ದಳದಲ್ಲಿದ್ದ. ಎರಡು ದಿನದ ಹಿಂದೆ, ಮಂಗಳವಾರ ಮಧ್ಯಾಹ್ನ, ದ್ರಾವಕಗಳ ಗೋದಾಮಿಗೆ ಬೆಂಕಿ ಬಿದ್ದಾಗ ಒಳಗೇ ಸತ್ತಿದ್ದ.

ಇನ್ಸ್‌ಪೆಕ್ಟರ್ ನಾರಾಯಣಸ್ವಾಮಿಯ ಊರು ಮಡಕಶಿರಾ, ಮನೆಮಾತು ಕನ್ನಡ. ತುಳಸಿ ತಂದಿದ್ದ ಕಂಪನಿಯ ಕಾಗದವನ್ನು ಅವನು ಎರಡು ಸಲ ಓದಿದ. "ಮೃತನು ಹೊರಬಂದ ನಂತರ ಯಾರಿಗೂ ತಿಳಿಸದೆ ಒಬ್ಬನೇ ಮತ್ತೆ ಒಳನುಗ್ಗಿ, ಸುರಕ್ಷತಾ ನಿಯಮ ಉಲ್ಲಂಘಿಸಿ ಪ್ರಾಣ ಕಳೆದುಕೊಂಡಿರುತ್ತಾನೆ." ಸತ್ತವನ ತಲೆಗೆ ಕಟ್ಟುವುದು ಎಷ್ಟು ಸಲೀಸು. ಅವನು ಎದ್ದು ಬಂದು ಇಲ್ಲ ಅನ್ನುವುದಿಲ್ಲ.

"ನಿಮಗೇನು ಅನುಮಾನಮ್ಮ?"

"ಅನುಮಾನ ಅಲ್ರೀ ಸರ, ಖಾತ್ರಿ. ರೂಲು ಮುರಿಯೋ ಮನಶ್ಯಾ ಅಲ್ಲ ಅವ್ರು. ಗ್ಯಾಸಿನ ನಳಿಗಿ ಎರಡು ಸಲ ಮುಟ್ಟಿ ನೋಡಿ ಮಲಗವ್ರು. ಈ ಮಾತು ಅಳಸ್ರಿ. ಬ್ಯಾರೆ ಏನೂ ಬ್ಯಾಡ ನನಗ."

11.05ಕ್ಕೆ ಎಫ್ಐಆರ್ ದಾಖಲಾಯಿತು, ನಿರ್ಲಕ್ಷ್ಯದಿಂದಾದ ಸಾವು ಎಂದು.

ಮಧ್ಯಾಹ್ನ 12.10ಕ್ಕೆ ಇನ್ಸ್‌ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೆಬಲ್ ಜಗನ್ಮೋಹನ್ ಕಾರ್ಖಾನೆ ತಲುಪಿದರು. ಮ್ಯಾನೇಜರು ಟೀ ತರಿಸಿದ, ಉತ್ತರ ಮಾತ್ರ ತರಿಸಲಿಲ್ಲ. ಬೆಂಕಿಯ ದಿನ ಬೋರ್ಡು ಹಿಡಿದಿದ್ದವನು ಅರವಿಂದ, ಹೊಸಪೇಟೆಯವನು. ಪದ್ಧತಿಯನ್ನು ವಿವರಿಸಿದವನೂ ಅವನೇ.

ಹೊಗೆಯೊಳಗೆ ಹೋಗುವವನ ಬೆನ್ನಿಗೆ ಗಾಳಿಯ ಸಿಲಿಂಡರ್. ಅದರ ಬಳೆಗೆ ನಂಬರು ಹಾಕಿದ ಹಳದಿ ಬಿಲ್ಲೆ. ಹೋಗುವ ಮೊದಲು ಬಿಲ್ಲೆಯನ್ನು ಬಿಚ್ಚಿ ಬೋರ್ಡಿನವನಿಗೆ ಕೊಡಬೇಕು; ಅವನು ಕೊಕ್ಕೆಗೆ ಹಾಕಿ ಹೊತ್ತು ಬರೆಯುತ್ತಾನೆ. ಹೊರಬಂದವನು ತನ್ನ ಕೈಯಾರೆ ಬಿಲ್ಲೆ ತೆಗೆದು ಮತ್ತೆ ತನ್ನ ಬಳೆಗೆ ಸಿಕ್ಕಿಸಬೇಕು. ಕೊಕ್ಕೆಯಲ್ಲಿ ಬಿಲ್ಲೆ ಇದ್ದರೆ ಆಳು ಒಳಗೆ, ಇಲ್ಲದಿದ್ದರೆ ಹೊರಗೆ. ಒಳಗಿನವರಿಗೆ ಆಪತ್ತು ಬಂದರೆ ಎಳೆದು ತರಲು ಬಾಗಿಲಲ್ಲಿ ಇನ್ನಿಬ್ಬರು ಸಜ್ಜಾಗಿ ನಿಂತಿರುತ್ತಾರೆ.

"ಶಂಕರಪ್ಪ ಹೊರಗೆ ಬಂದದ್ದು?"

"ಮೂರು ಮೂವತ್ತೊಂದಕ್ಕೆ. ಹಿಂದಿನ ಬಾಗ್ಲಿಂದ ಬಂದು ಬಿಲ್ಲೆ ತಗೊಂಡ. ಆಮೇಲೆ ಕಣ್ತಪ್ಪಿಸಿ ಒಳಗೋಗ್ಯಾನೆ."

"ಯಾಕೆ?"

"ಹೀರೋ ಆಗಾಕೆ."

"ಬಿಲ್ಲೆ ನೀನು ತೆಗೆದುಕೊಟ್ಟೆಯಾ?"

"ಇನ್ನೊಬ್ಬನ ಬಿಲ್ಲೆ ನಾವು ಮುಟ್ಟಂಗಿಲ್ಲ ಸಾರ್. ಬದುಕಿರೋನ ಫೋಟೋಕ್ಕೆ ಹಾರ ಹಾಕಿದಂಗೆ ಅದು."

ಠಾಣೆಗೆ ಮರಳಿ ನಾರಾಯಣಸ್ವಾಮಿ ಶವಪಂಚನಾಮೆಯ ಫೋಟೋಗಳನ್ನು ಮೇಜಿನ ಮೇಲೆ ಹರಡಿದ. ಕಬ್ಬಿಣದ ರ‍್ಯಾಕಿನ ಕೆಳಗೆ ಸಿಕ್ಕಿಬಿದ್ದ ಶಂಕರಪ್ಪ. ಮೈ ಸುಟ್ಟಿರಲಿಲ್ಲ, ಗಾಳಿ ಮುಗಿದು ಸತ್ತಿದ್ದ. ಬೆನ್ನಿಗೆ ನಾಲ್ಕನೇ ನಂಬರಿನ ಸಿಲಿಂಡರ್. ಬಳೆ ಖಾಲಿ.

ಹೊರಬಂದು ಬಿಲ್ಲೆ ತೆಗೆದುಕೊಂಡಿದ್ದರೆ ಅದು ಆ ಬಳೆಯಲ್ಲಿರಬೇಕಿತ್ತು. ಮರುದಿನ ಇಡೀ ದಿನ ಜಗನ್ಮೋಹನ್ ಗೋದಾಮಿನ ಬೂದಿಯನ್ನು ಜರಡಿ ಹಿಡಿಸಿದ. ಮೊಳೆ, ಡಬ್ಬದ ಮುಚ್ಚಳ ಎಲ್ಲ ಸಿಕ್ಕವು. ಬಿಲ್ಲೆ ಸಿಗಲಿಲ್ಲ.

ಒಳಗೆ ಶಂಕರಪ್ಪನ ಜೊತೆಗಾರನಾಗಿದ್ದವನು ಹಾಸನದ ಪ್ರಜ್ವಲ್. ಬೆಂಕಿಯ ಮರುದಿನವೇ ರಜೆ ಚೀಟಿಯನ್ನೂ ಕೊಡದೆ ವಿಜಯವಾಡಕ್ಕೆ ಹೋಗಿದ್ದ. 18ರಂದು ಮಧ್ಯಾಹ್ನ 2.40ಕ್ಕೆ ಭವಾನಿಪುರಂನಲ್ಲಿ ಅಕ್ಕನ ಮನೆಯ ಜಗಲಿಯ ಮೇಲೆ ಸಿಕ್ಕಿದ. ಓಡಲಿಲ್ಲ.

"ಒಳಗೆ ಏನಾಯ್ತು?"

"ರ‍್ಯಾಕ್ ಬಿದ್ದ ಸದ್ದಾಯ್ತು ಸಾರ್. ಹೊಗೇಲಿ ಕೂಗ್ದೆ, ಉತ್ರ ಇಲ್ಲ. ಬಾಗ್ಲಲ್ಲಿದ್ದ ಇಬ್ರನ್ನ ಕರ್ಕೊಂಡು ಹೋಗಣ ಅಂತ ಓಡ್ಬಂದೆ. ನೋಡಿದ್ರೆ ಅವ್ರ ಕೊಕ್ಕೆ ಖಾಲಿ."

"ಶಂಕರಪ್ಪನನ್ನ ಕಣ್ಣಾರೆ ನೋಡಿದೆಯಾ?"

"ಇಲ್ಲ. ಆಗ್ಲೇ ಬಂದ, ಹಿಂದ್ಗಡೆ ನೀರು ಕುಡೀತವ್ನೆ ಅಂದ್ರು ಅರವಿಂದಣ್ಣ. ಇಬ್ರೂ ಮಾಸ್ಕ್ ಬಿಚ್ಚಿಬಿಟ್ರು."

"ಹೋಗಿ ನೋಡಬೇಕು ಅನ್ನಿಸಲಿಲ್ವಾ?"

"ಬೋರ್ಡು ನೋಡಿದ್ಮೇಲೆ ಆಳನ್ನ ಯಾರ್ ನೋಡ್ತಾರೆ ಸಾರ್? ನಮಗೆ ಕಲಿಸಿದ್ದೇ ಹಂಗೆ. ನನ್ನ ಒಳಗೇ ಬಿಟ್ಟು ಬಂದ್ನಲ್ಲ ಅಂತ ಮನಸ್ಸಲ್ಲೇ ಬೈದೆ. ಅವ್ರು ಅಲ್ಲಿ ಒದ್ದಾಡ್ತಿದ್ರು. ತುಳಸಕ್ಕನ ಮುಖ ನೋಡಕ್ಕಾಗ್ದೆ ಬಂದ್ಬಿಟ್ಟೆ."

20ರಂದು ಬೆಳಿಗ್ಗೆ 9.15ಕ್ಕೆ ಅರವಿಂದನನ್ನು ಠಾಣೆಗೆ ಕರೆಸಲಾಯಿತು.

"ಬಿಲ್ಲೆ ಎಲ್ಲಿ?"

"ಅವನತ್ರ."

"ಬಳೆ ಖಾಲಿ ಇದೆ."

"ಬೂದ್ಯಾಗೆ ಬಿದ್ದಿರ್ಬೇಕು."

"ಜರಡಿ ಹಿಡಿದಾಯ್ತು. ನಡಿ, ನಿನ್ನ ಮನೆ ನೋಡೋಣ."

"ನೋಡ್ರಿ. ದೇವರ ಗೂಡು ಮಾತ್ರ ಮುಟ್ಬ್ಯಾಡ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇಂದಿಗೂ ಇದ್ದಾರೆ. ಅರವಿಂದನ ಮನೆಯಲ್ಲಿ ಜಗನ್ಮೋಹನ್ ಚಪ್ಪಲಿ ಬಿಟ್ಟು, ಕೈ ಮುಗಿದು ಗೂಡಿಗೆ ಕೈ ಹಾಕಿದ. ಒಬ್ಬ ತರುಣನ ಫೋಟೋ, ಒಣಗಿದ ಹಾರ, ಫೋಟೋದ ಹಿಂದೆ ನಾಲ್ಕನೇ ನಂಬರಿನ ಹಳದಿ ಬಿಲ್ಲೆ. 11.30ಕ್ಕೆ ಇಬ್ಬರು ಪಂಚರ ಸಮಕ್ಷಮ ಜಪ್ತಿ ಪಂಚನಾಮೆ ಮುಗಿಯಿತು.

"ಯಾರು ಇದು?"

"ನನ್ನ ತಮ್ಮ." ಅರವಿಂದ ಗೋಡೆಗೆ ಒರಗಿದ. "ಎರಡು ವರ್ಷದ ಹಿಂದೆ ಟ್ಯಾಂಕ್ ತೊಳಿಯಾಕೆ ಇಳಿದ, ಗ್ಯಾಸಿಗೆ ಬಿದ್ದ. ಅವತ್ತು ಬೋರ್ಡು ಶಂಕರಪ್ಪನ ಕೈಯಾಗಿತ್ತು. ಸಿಲಿಂಡರ್ ಬರೋಮಟ ಯಾರೂ ಇಳಿಯಂಗಿಲ್ಲ ಅಂದ. ನಾ ಓಡಿದ್ರೆ ನೆಲಕ್ಕೆ ಕೆಡವಿ ಎದಿ ಮ್ಯಾಲೆ ಕುಂತ. ಹನ್ನೊಂದು ನಿಮಿಷ. ರೂಲ್ಸು ಅಂದ ಸಾರ್. ರೂಲ್ಸು."

"ಅದಕ್ಕೆ?"

"ಪ್ರಜ್ವಲ್ ಒಬ್ಬನೇ ಬರಾದು ಕಂಡ್ತು. ಕೈ ತಾನಾಗೇ ಕೊಕ್ಕೆಗೆ ಹೋತು."

"ಮೂರು ಮೂವತ್ತೊಂದು ಅಂತ ಬರೆದದ್ದೂ ಕೈ ತಾನಾಗೇನಾ?"

11.50ಕ್ಕೆ ಬಂಧನ. ಪ್ರಕರಣದ ಕಲಂ ಕೊಲೆಗೆ ಬದಲಾಯಿತು.

ಸಂಜೆ ನಾಲ್ಕಕ್ಕೆ ತುಳಸಿ ಬಂದಳು. ನಾರಾಯಣಸ್ವಾಮಿ ಎಲ್ಲವನ್ನೂ ಹೇಳಿದ, ಮುಚ್ಚಿಡಲಿಲ್ಲ. ಅವಳು ಸೆರಗಿನ ತುದಿ ತಿರುವುತ್ತ ಕೇಳಿಸಿಕೊಂಡಳು.

"ಅವತ್ತು ನಮ್ಮವ್ರು ಅರವಿಂದನ್ನ ಟ್ಯಾಂಕಿಗೆ ಇಳಿಯಾಕ ಬಿಟ್ಟಿದ್ರ, ಆ ತಮ್ಮ ಉಳೀತಿದ್ನೇನ್ರೀ?"

ಇನ್ಸ್‌ಪೆಕ್ಟರ್ ಹಳೆಯ ಕಡತ ತರಿಸಿ ಓದಿದ್ದ. "ಇಲ್ಲಮ್ಮ. ಎರಡು ಉಸಿರಿಗೇ ಹೋಗಿದ್ದ ಅಂತ ಡಾಕ್ಟರ್ ಬರೆದಿದಾರೆ. ಇಳಿದಿದ್ರೆ ಅರವಿಂದನೂ ಸಾಯ್ತಿದ್ದ."

"ಹಂಗಾರ ಅವನ ಜೀವಾ ಉಳಿಸಿದ್ದು ನನ್ನ ಗಂಡ. ಅದನ್ನೂ ಬರೀರಿ."

ದೋಷಾರೋಪ ಪಟ್ಟಿಯಲ್ಲಿ ಅದಕ್ಕೆ ಕಲಂ ಇಲ್ಲ. ನಾರಾಯಣಸ್ವಾಮಿ ಕೇಸ್ ಡೈರಿ ತೆರೆದು, ದಿನಾಂಕ ಹಾಕಿ, ಅವಳು ನೋಡುತ್ತಿರುವಾಗಲೇ ಬರೆದ.