ಜಿಂಕೆ ಹೊಕ್ಕ ಮನೆ

ಬಹಳ ಕಾಲದ ಹಿಂದೆ, ಗಾಳಿಗೂ ನೀರಿಗೂ ಮೈಕೈ ಇದ್ದ ಕಾಲದಲ್ಲಿ, ಹಂಸಾವತಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರಿ ಕೇತಕಿಗೆ ತಮ್ಮ ಇಂದುಧರನೆಂದರೆ ಪಂಚಪ್ರಾಣ. ಆ ಹುಡುಗನ ಬಾಯಿ ಸುಮ್ಮನಿರಬೇಕಲ್ಲ! ಬೇಟೆಗೆ ಹೋದವನು ಗುಡ್ಡದ ಮಾಂತ್ರಿಕ ಧೂಮಾಕ್ಷನ ಗಡ್ಡವನ್ನು ಗೇಲಿ ಮಾಡಿದ. ಮಾಂತ್ರಿಕ ಒಂದು ಹಿಡಿ ಬೂದಿ ಊದಿದ. ಇಂದುಧರ ಜಿಂಕೆಯಾದ, ಅಕ್ಕನನ್ನೂ ಮರೆತ, ಮನುಷ್ಯರ ನೆರಳು ಕಂಡರೆ ಓಡಿದ.

ಕೇತಕಿ ಗುಡ್ಡ ಹತ್ತಿ ಹೋಗಿ ಬೇಡಿಕೊಂಡಳು. ಧೂಮಾಕ್ಷ ಹೊಟ್ಟೆ ಹಿಡಿದುಕೊಂಡು ನಕ್ಕ.

"ಈ ಗುಡ್ಡದಲ್ಲಿ ಒಂದು ಮನೆ ಕಟ್ಟು, ರಾಜಕುಮಾರಿ. ಆ ಜಿಂಕೆ ತಾನಾಗಿ ಒಳಗೆ ಬಂದು ಒಂದು ಗಳಿಗೆ ನಿದ್ದೆ ಮಾಡಿದರೆ ತಮ್ಮ ನಿನಗೆ, ನನ್ನ ಮಂತ್ರವೆಲ್ಲ ಮಣ್ಣಿಗೆ. ಮೂರು ಸಲ ಕಟ್ಟಬಹುದು. ಮೂರನೆಯದೂ ಬಿದ್ದರೆ ಅವನು ಸಾಯುವತನಕ ಜಿಂಕೆಯೇ."

ಕಾಡಿನ ಜಿಂಕೆ ಮನೆಯೊಳಗೆ ಮಲಗುವುದುಂಟೆ? ಆದರೂ ಕೇತಕಿ ಒಪ್ಪಿದಳು. ಬೇರೆ ದಾರಿಯಾದರೂ ಏನಿತ್ತು?

ಅರಮನೆಯಲ್ಲಿ ಹುಟ್ಟಿದವಳು ಅರಮನೆಯಂಥದ್ದನ್ನೇ ಕಟ್ಟಿಸಿದಳು. ಗುಡ್ಡದ ನೆತ್ತಿಯ ಮೇಲೆ ಕಲ್ಲಿನ ಮನೆ, ಸುಣ್ಣ ಬಳಿದ ಗೋಡೆ, ವಂಶದ ಪದ್ಧತಿಯಂತೆ ಕುಬೇರನ ದಿಕ್ಕಾದ ಬಡಗಣಕ್ಕೆ ಹೆಬ್ಬಾಗಿಲು. ಧೂಮಾಕ್ಷ ಚಪ್ಪಾಳೆ ತಟ್ಟಿದ. ಬಡಗಣ ಕಣಿವೆಯಿಂದ ಗಾಳಿಗೂಳಿ ಎದ್ದು ಬಂದು, ಬಾಗಿಲಲ್ಲೇ ನುಗ್ಗಿ, ಸೂರನ್ನು ಕೊಂಬಿನಲ್ಲೆತ್ತಿ ಬಿಸಾಡಿತು.

ಎರಡನೆಯ ಮನೆಯನ್ನು ಗಾಳಿ ತಾಗದ ತಗ್ಗಿನಲ್ಲಿ, ತೊರೆಯ ಪಕ್ಕ ಕಟ್ಟಿಸಿದಳು. ಬಾಗಿಲು ಮಾತ್ರ ಮತ್ತೆ ಬಡಗಣಕ್ಕೇ, ತೊರೆಗೆ ಎದುರಾಗಿ. ಧೂಮಾಕ್ಷ ಮತ್ತೆ ಚಪ್ಪಾಳೆ ತಟ್ಟಿದ. ತೊರೆಯಿಂದ ಜಲಸರ್ಪ ಹೆಡೆಯೆತ್ತಿ, ಹೊಸ್ತಿಲು ದಾಟಿ, ಮನೆಯನ್ನು ಬುಡಸಮೇತ ನುಂಗಿತು.

ಆಗ ಕೇತಕಿ ಅತ್ತಳು, ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಹಗುರಾದ ಮೇಲೆ ತನ್ನ ಮೇಲೇ ಸಿಟ್ಟು ಬಂತು. ಮಲಗಬೇಕಾದ್ದು ಜಿಂಕೆ, ತಾನು ಕಟ್ಟುತ್ತಿರುವುದು ರಾಜರಿಗೆ! ಜಿಂಕೆ ಎಲ್ಲಿ ಮಲಗುತ್ತದೆಂದು ಒಮ್ಮೆಯಾದರೂ ನೋಡಿದ್ದಳೇ?

ಆಳುಗಳನ್ನು ಕಳಿಸಿಬಿಟ್ಟು ಪೊದೆಯಲ್ಲಿ ಕೂತು ನೋಡಿದಳು. ಜಿಂಕೆ ತೊರೆಯಲ್ಲಿ ನೀರು ಕುಡಿಯುತ್ತಿತ್ತು, ಆದರೆ ಅಲ್ಲಿ ನಿಲ್ಲುತ್ತಿರಲಿಲ್ಲ. ಬಿಸಿಲೇರಿದಾಗ ಗುಡ್ಡದ ನಡುವಿನ ದೊಡ್ಡ ಬಂಡೆಯ ಮರೆಗೆ ಬಂದು, ಬಂಡೆಗೆ ಬೆನ್ನು ಕೊಟ್ಟು, ತೆಂಕಣಕ್ಕೆ ಮುಖ ಮಾಡಿ ಮಲಗುತ್ತಿತ್ತು.

ತೆಂಕಣವೆಂದರೆ ಯಮನ ದಿಕ್ಕು. ಅತ್ತ ಬಾಗಿಲಿಟ್ಟ ಮನೆ ಅವಳ ವಂಶದಲ್ಲೇ ಇರಲಿಲ್ಲ. ಸಾಕಿದ ದಾದಿ ಹೌಹಾರಿ, ಅಪಶಕುನ, ವಂಶಕ್ಕೆ ಕೇಡು ಎಂದು ಕೈ ಹಿಡಿದುಕೊಂಡಳು.

"ತಮ್ಮನೇ ಇಲ್ಲದ ಮೇಲೆ ವಂಶ ಎಲ್ಲಿಯದು, ದಾದಮ್ಮ?" ಎಂದಳು ಕೇತಕಿ. ದಾದಿ ಹಿಡಿದ ಕೈ ಬಿಟ್ಟು ಮಣ್ಣು ಕಲಸಲು ಕೂತಳು.

ಬಂಡೆಯೇ ಹಿಂಗೋಡೆಯಾಯಿತು. ಆ ಗುಡ್ಡದ್ದೇ ಕೆಮ್ಮಣ್ಣು, ಬಿದ್ದ ಕೊಂಬೆ, ಬಿದಿರು. ಇಳಿಜಾರು ಸೂರಿನ ಮೇಲೆ ಬೇರುಸಮೇತ ಹುಲ್ಲು ಹೊದಿಸಿ, ಒಳಗೆ ತರಗೆಲೆ ಹಾಸಿದಳು. ಇಬ್ಬರು ಕಾಲು ಚಾಚಿದರೆ ತುಂಬುವಷ್ಟು ಜಾಗ, ಆದರೆ ಎಷ್ಟು ಬೆಚ್ಚಗೆ! ತೆಂಕಣಕ್ಕೆ ಒಂದು ತಗ್ಗು ಬಾಗಿಲು.

ಧೂಮಾಕ್ಷ ಚಪ್ಪಾಳೆ ತಟ್ಟಿದ. ಗಾಳಿಗೂಳಿ ಬಂತು, ಬಂಡೆಗೆ ಮೈ ಉಜ್ಜಿಕೊಂಡು ಹೋಯಿತು. ಜಲಸರ್ಪ ಬಂತು, ಅಷ್ಟು ಎತ್ತರ ಹತ್ತಲಾರದೆ ಮರಳಿತು. ತಾನೇ ತುಳಿದು ಕೆಡವುತ್ತೇನೆಂದು ಮಾಂತ್ರಿಕ ಹಲ್ಲು ಕಡಿಯುತ್ತ ಹೊರಟ. ಹೊರಟರೆ ಮನೆಯೇ ಕಾಣಲೊಲ್ಲದು! ಎಲ್ಲಿ ನೋಡಿದರೂ ಬಂಡೆ, ಎಲ್ಲಿ ನೋಡಿದರೂ ಹುಲ್ಲು. ಗುಡ್ಡವೆಲ್ಲ ಸುತ್ತಿ ಸುತ್ತಿ ಅವನ ಗಡ್ಡದಿಂದ ಬೆವರು ತೊಟ್ಟಿಕ್ಕಿತು.

ಅಷ್ಟರಲ್ಲಿ ಬಿಸಿಲೇರಿತು. ಜಿಂಕೆ ಎಂದಿನ ಜಾಗಕ್ಕೆ ಬಂದು ಬಾಗಿಲನ್ನು ಮೂಸಿತು. ಗುಡ್ಡದ್ದೇ ವಾಸನೆ. ಒಳಗೆ ಹೋಗಿ, ಬಂಡೆಗೆ ಒರಗಿ ಕಣ್ಣು ಮುಚ್ಚಿತು. ಪೊದೆಯಲ್ಲಿದ್ದ ಕೇತಕಿ ಉಸಿರು ಬಿಗಿಹಿಡಿದಳು. ಒಂದು ಗಳಿಗೆ ಕಳೆಯಿತು.

ಸುತ್ತಲೂ ನೋಡೋಣವೆಂದು ಧೂಮಾಕ್ಷ ಕೊನೆಗೆ ಒಂದು ಹುಲ್ಲುದಿಬ್ಬ ಹತ್ತಿ ನಿಂತ. ಎಲ್ಲಿದೆಯೇ ನಿನ್ನ ಮನೆ ಎಂದು ಕಾಲು ಅಪ್ಪಳಿಸಿ ಕೂಗಿದ. ದಿಬ್ಬದ ಕೆಳಗಿನಿಂದ ಒಂದು ಕೆದರಿದ ತಲೆ ಹೊರಬಂತು.

"ಅಕ್ಕಾ, ಸೂರಿನ ಮೇಲೆ ಯಾರೋ ಕುಣಿಯುತ್ತಿದ್ದಾರೆ. ಒಳ್ಳೆ ನಿದ್ದೆ ಬಂದಿತ್ತು," ಎಂದ ಇಂದುಧರ, ಕಣ್ಣುಜ್ಜುತ್ತ.

ಮಾಂತ್ರಿಕ ಬೂದಿ ಊದಿದ. ಅದು ಬರೀ ಒಲೆಯ ಬೂದಿಯಾಗಿ ಅವನ ಗಡ್ಡದ ಮೇಲೇ ಬಿತ್ತು. ಗೂಳಿ ತಂಗಾಳಿಯಾಯಿತು, ಸರ್ಪ ತಿಳಿನೀರಾಯಿತು. ಕೇತಕಿ ಓಡಿ ಬಂದು ತಮ್ಮನನ್ನು ಅಪ್ಪಿಕೊಂಡು, ಅಳುತ್ತ ನಗುತ್ತ ಕಿವಿ ಹಿಂಡಿದಳು. ಹಂಸಾವತಿಯ ಜನ ಮೂರು ದಿನ ಹೋಳಿಗೆ ಉಂಡರು. ಅಕ್ಕತಮ್ಮಂದಿರು ಬೇಸಿಗೆ ಬಂದಾಗಲೆಲ್ಲ ಆ ಮನೆಗೆ ಹೋಗಿ ಕಾಲು ಚಾಚಿ ಮಲಗಿದರು. ಅವರಿಗೆ ಬಂದಂಥ ನಿದ್ದೆ ಕೇಳಿದವರಿಗೂ ಹೇಳಿದವರಿಗೂ ಬರಲಿ.