ಒಸಿ ಎಡಕ್ಕೆ ತಿರುಗ್ಸು

ಇದನ್ನು ನಂಬಿ ಎಂದು ನಾನು ಯಾರಿಗೂ ದುಂಬಾಲು ಬೀಳುವುದಿಲ್ಲ. ಪಿರಿಯಾಪಟ್ಟಣದಲ್ಲಿ ನಮ್ಮದು ಮೇಲಿನ ಮಹಡಿಯ ಬಾಡಿಗೆ ಮನೆ. ಪಕ್ಕದ ಕಲ್ಯಾಣ ಮಂಟಪ ಅಡ್ಡವಾಗಿ, ಕಿಟಕಿಗೆ ಕಟ್ಟಿದ ಸಣ್ಣ ಡಿಶ್‌ನಲ್ಲಿ ಏನೂ ಬರುತ್ತಿರಲಿಲ್ಲ.

"ಈ ಮನೆಗೆ ಸಿಗ್ನಲ್ ಬರಾಕಿಲ್ಲ ಬುಡಕ್ಕ," ಎಂದ ಡಿಶ್ ಅಂಗಡಿಯವನು.

ಅವತ್ತು ಮಧ್ಯಾಹ್ನ ನನ್ನ ತಂಗಿಯ ಮಗಳು ಮಧುಶ್ರೀಯ ಕಬಡ್ಡಿ ಪಂದ್ಯ ಟಿವಿಯಲ್ಲಿತ್ತು. ಬಿಡುವವಳೇ ನಾನು? ಅವನ ಅಂಗಡಿಯಲ್ಲಿ ಇದ್ದುದರಲ್ಲೇ ದೊಡ್ಡ ಡಿಶ್ಶನ್ನೂ ಉದ್ದದ ಪೈಪನ್ನೂ ಆರಿಸಿ ತಂದು ತಾರಸಿಯಲ್ಲಿ ನಿಲ್ಲಿಸಿದೆ. ಗಂಡ ರಘುವನ್ನು ಕೆಳಗೆ ಟಿವಿ ಮುಂದೆ ಕೂರಿಸಿ ಬಂದಿದ್ದೆ.

"ಬಂತಾ?" ಎಂದು ಕೂಗಿದೆ.

"ಒಸಿ ಎಡಕ್ಕೆ ತಿರುಗ್ಸು, ಕೂಸೇ."

ತಿರುಗಿಸಿದೆ. ಅವರು ನನ್ನನ್ನು ಯಾವತ್ತೂ ಕೂಸೇ ಎಂದವರಲ್ಲ. ಬಿಸಿಲಿಗೆ ಸುಡುತ್ತಿದ್ದ ಪೈಪು ಕೈಯಲ್ಲೇ ತಣ್ಣಗಾಗುತ್ತ ಬಂತು.

"ಈಗ?"

"ಬಂತು ಕೂಸೇ! ಅಂಗೇ ಬುಡು!"

ಬೋಲ್ಟ್ ಬಿಗಿದು ಇಳಿದು ಬಂದರೆ ಮನೆಗೆ ಹೊರಗಿನಿಂದ ಬೀಗ ಬಿದ್ದಿತ್ತು. ರಘುವಿಗೆ ಫೋನ್ ಮಾಡಿದೆ.

"ನೀನು ಮೇಲಕ್ಕೆ ಹತ್ತಿದ ಕೂಡ್ಲೇ ಕೇಬಲ್ ಕ್ಲಿಪ್ ತರಾಕೆ ಅಂಗಡಿಗೆ ಬಂದೆ ಕಣಮ್ಮಿ. ಬೀಗದ ಕೈ ಕಿಟಕಿ ಮ್ಯಾಲದೆ."

ಬೀಗ ತೆಗೆದೆ. ಟಿವಿಯಲ್ಲಿ ಮಧುಶ್ರೀ ನಿಚ್ಚಳವಾಗಿ ತೊಡೆ ತಟ್ಟುತ್ತಿದ್ದಳು. ಗೋಡೆ ಬದಿಯ ಕುರ್ಚಿ ಟಿವಿಯ ಮುಂದಕ್ಕೆ ಬಂದಿತ್ತು. ಮುಟ್ಟಿದರೆ ಐಸಿನಂತೆ ಕೊರೆಯಿತು. ಆದರೂ ಪಂದ್ಯ ಬಿಟ್ಟು ಓಡಲು ನನಗೆ ಮನಸ್ಸಾಗಲಿಲ್ಲ. ಕುರ್ಚಿಯ ಪಕ್ಕ ನೆಲಕ್ಕೇ ಕೂತೆ. ಕೊನೆಯ ರೈಡಿನಲ್ಲಿ ಮಧುಶ್ರೀ ಮೂವರನ್ನು ಔಟ್ ಮಾಡಿ ಪಂದ್ಯ ಗೆದ್ದಳು.

"ಗೆದ್ಲು ನಮ್ಮ ಹುಡ್ಗಿ!" ಎಂದು ಕಿರುಚಿ, ಕೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆ.

ನಾನು ನಿಲ್ಲಿಸಿದ ಮೇಲೂ ಪಕ್ಕದ ಕುರ್ಚಿಯಲ್ಲಿ ಚಪ್ಪಾಳೆ ನಿಲ್ಲಲಿಲ್ಲ.