ಅಜ್ಜಿ ಕೇಳಿದ ಡಿಸ್ಕೊ

"ಶರ್ವರಿ ಅವರ, ನಿಮ್ಮ ಭಜನಿಗೆ ಬ್ರೇಕ್ ಇಲ್ಲೇನ್ರಿ?"

ವೈಭವ ತಲೆಯ ಮೇಲೆ ಕೈಯಿಟ್ಟುಕೊಂಡು ಕೇಳಿದ. ಶರ್ವರಿ ಹೆಡ್‌ಫೋನ್ ಸರಿಸಿ ನಕ್ಕಳು.

ಕೂಕಟ್‌ಪಲ್ಲಿಯ ಟಿಫಿನ್ ಸೆಂಟರೊಂದರ ಮೇಲಿನ ಕೋಣೆಯಲ್ಲಿ ವೈಭವ ಭಾನುವಾರ ಮಧ್ಯಾಹ್ನ ಡಿಜೆ ಕಲಿಸುತ್ತಿದ್ದ. ಶರ್ವರಿಗೆ ಅದು ಆರನೆಯ ಪಾಠ. ಒಂದು ಡಿಸ್ಕೊ ಹಾಡು ಸ್ಪೀಕರಿನಲ್ಲಿ ನಡೆಯುತ್ತಿರುವಾಗಲೇ ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಬೇಕು. ಎರಡರ ಬಡಿತವನ್ನೂ ಒಂದೇ ವೇಗಕ್ಕೆ ತಂದು, ಒಂದರ ಮೇಲೊಂದು ಕೂರಿಸಿ, ಕುಣಿಯುವವರಿಗೆ ಗೊತ್ತಾಗದಂತೆ ಹಾಡು ಬದಲಿಸಬೇಕು.

ಆದರೆ ಶರ್ವರಿ ಏಳನೆಯ ವಯಸ್ಸಿನಿಂದ ಅಜ್ಜಿಯ ಭಜನಾ ಮಂಡಳಿಯಲ್ಲಿ ತಾಳ ಹಾಕಿದವಳು. ಅಲ್ಲಿ ಲಯ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಎರಡು ಹಾಡು ಹೊಂದದಿದ್ದಾಗಲೆಲ್ಲ ಅವಳ ಬೆರಳು ನಿಧಾನದ ಹಾಡನ್ನು ಓಡಿಸುತ್ತಿತ್ತು. ವೇಗದ ಹಾಡನ್ನು ತಡೆಯುವುದು ಅವಳಿಗೆ ತೋಚುತ್ತಲೇ ಇರಲಿಲ್ಲ.

"ನಿಮಿಷಕ್ಕ ನೂರಾ ಹದಿನೆಂಟು ಬಡಿತಕ್ಕ ಶುರು ಮಾಡಿದ್ರಿ. ನಾಕನೇ ಹಾಡಿಗೆ ನೂರಾ ಮೂವತ್ತೆರಡು! ಇನ್ನೆರಡು ಹಾಕಿದ್ರ ಕುಣಿಯೋರು ಬೇಗಂಪೇಟ್ ತನಕ ಓಡ್ತಾರ್ರಿ!"

"ಹಂಗಾದ್ರ ಆ ಸಿಂಕ್ ಬಟನ್ ಒತ್ತಿಬಿಡ್ಲೇನ್ರಿ ಸರ್? ತಾನ ಹೊಂದಸ್ತದ."

"ಒತ್ತಿ ನೋಡ್ರಿ, ಅರ್ಧ ಹಾಡಿಗೆ ಕೈ ಕೊಡ್ತೈತಿ. ಈ ಹಳೇ ಹಾಡಿಗೆ ಡ್ರಮ್ ಬಾರಿಸಿದ್ದು ಮಷೀನ್ ಅಲ್ರಿ, ಮನಶ್ಯಾ. ಖುಷಿಯಾದಲ್ಲಿ ಓಡ್ಯಾನ, ದಣಿದಲ್ಲಿ ನಿಧಾನ ಆಗ್ಯಾನ. ಅದು ಬಟನ್ನಿಗೆ ತಿಳಿಯಂಗಿಲ್ಲ, ಕಿವಿಗೆ ತಿಳೀತೈತಿ."

'ಎಷ್ಟು ಚಂದ ಹೇಳ್ತಾನ...' ಎಂದುಕೊಂಡಳು ಶರ್ವರಿ. ಕೆನ್ನೆ ಬಿಸಿಯಾಯಿತು. ಎರಡೂ ಕಿವಿಗೆ ಹೆಡ್‌ಫೋನ್ ಏರಿಸಿ ತಲೆ ತಗ್ಗಿಸಿದಳು.

ಅಜ್ಜಿ ಗೋದಾಬಾಯಿಯವರಿಗೆ ಬೆಳಗ್ಗೆ ಉಸಿರು ಕಟ್ಟಿದಂತಾಗಿ ಆಸ್ಪತ್ರೆಗೆ ಸೇರಿಸಿದ್ದರು. ನಾಳೆ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ್ದರು. "ನನ್ನ ಮಾರಿ ನೋಡ್ಕೋತ ಕೂತ್ರ ನನಗ ಆರಾಮ ಆಗ್ತದೇನು? ಪಾಠ ತಪ್ಪಸಬ್ಯಾಡ, ನಡಿ!" ಎಂದು ಅಜ್ಜಿಯೇ ಗದರಿಸಿ ಕಳಿಸಿದ್ದರು.

ಬಹಳ ಹೊತ್ತು ಎರಡು ಹಾಡುಗಳೂ ಒಂದಕ್ಕೊಂದು ಹೊಂದದೆ, ಜೋಡಿ ಟಾಂಗಾ ಓಡಿದಂತೆ ಟಕಟಕ ಎನ್ನುತ್ತಲೇ ಇದ್ದವು. ನಾಲ್ಕು ಗಂಟೆ ದಾಟಿತು. ಶರ್ವರಿ ಕಣ್ಣು ಮುಚ್ಚಿ, ಮೊದಲ ಬಾರಿಗೆ ವೇಗದ ಹಾಡನ್ನು ಬೆರಳಿನಿಂದ ಮೆಲ್ಲಗೆ ತಡೆದಳು...

ಬಡಿತ ಒಂದಾಯಿತು!

"ಆತು! ಸರ್, ಆತು!" ಎಂದು ಕುಣಿದಳು.

ವೈಭವನ ಮುಖ ಅರಳಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕಪಾಟಿನ ಮೇಲಿದ್ದ ಅವಳ ಫೋನು ಮಿನುಗಿತು. ತಂದೆ ವಾಸುದೇವರಾಯರ ಸಂದೇಶ.

"ಅಜ್ಜಿ ಹೋದರು. ಬೇಗ ಬಾ."

ಶರ್ವರಿ ಫೋನು ಕೈಗೆತ್ತಿಕೊಂಡಳು. ಕರೆ ಮಾಡಿದರೆ ಅಜ್ಜಿ ಇನ್ನೂ ಫೋನು ಎತ್ತಿಯಾರು ಎಂಬ ಹುಚ್ಚು ಆಸೆಯಿಂದ ಅಜ್ಜಿಯ ಹೆಸರು ಹುಡುಕಿದಳು. ಅಲ್ಲಿತ್ತು... ಮೂರು ಗಂಟೆ ಹತ್ತು ನಿಮಿಷಕ್ಕೆ ಅಜ್ಜಿಯ ಕರೆ. ನಾಲ್ಕು ನಿಮಿಷ ಮಾತು ನಡೆದಿತ್ತು!

"ಈ ಫೋನ್ ಯಾರು ಎತ್ತಿದ್ರು?"

"ನಾನ... ರೀ. ನಿಮ್ಮ ಕಿವಿಗೆ ಹೆಡ್‌ಫೋನ್ ಇತ್ತು. ಅವರು..."

"ನಮ್ಮ ಅಜ್ಜಿ ಕಡೀ ಮಾತು ನೀವು ಕೇಳಿದ್ರಿ. ನನಗ ಕೊಡ್ಲಿಲ್ಲ! ನಾ ಇಲ್ಲೇ ಮೂರು ಮಾರು ದೂರ ಇದ್ದೆ!"

ಅವಳು ಮೆಟ್ಟಿಲಿಳಿದು ಓಡಿದಳು.

ಮೂರನೆಯ ದಿನ ಅವನು ಮನೆಯ ಗೇಟಿನವರೆಗೆ ಬಂದು ನಿಂತ. ಶರ್ವರಿ ನೋಡಿಯೂ ಒಳಗೆ ಹೋದಳು. ದೇವರ ಮನೆಯಲ್ಲಿದ್ದ ತಾಳವನ್ನೂ ಅವಳು ಮುಟ್ಟಲಿಲ್ಲ. 'ಅಜ್ಜಿ ಹೋಗುವಾಗ ನಾ ಕುಣೀತಿದ್ದೆ...' ಇದೊಂದೇ ಮಾತು ಎದೆಯಲ್ಲಿ. ಇನ್ನು ಹಾಡೂ ಬೇಡ, ಅವನ ಮುಖವೂ ಬೇಡ!

ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಭಜನಾ ಮಂಡಳಿಯ ಉಮಾಬಾಯಿ ಅವಳ ಪಕ್ಕ ಬಂದು ಕುಳಿತರು. ಕೊನೆಯ ದಿನ ಅಜ್ಜಿಯ ಹಾಸಿಗೆಯ ಬಳಿ ಇದ್ದವರು ಅವರೇ.

"ಶರೂ, ಶನಿವಾರ ಭಜನಿ ಅದ. ತಾಳಕ್ಕ ನೀ ಬರ್ಬೇಕು."

"ಆಗಂಗಿಲ್ಲ ಕಾಕು. ಅಜ್ಜಿ ಕರದಾಗ ನಾ ಫೋನ್ ಎತ್ತಲಿಲ್ಲ..."

"ಅಯ್ಯ, ಆಕಿನೇ ಬ್ಯಾಡಂದ್ಲಲ್ಲ! ಆ ಹುಡುಗ 'ಕೊಡ್ತೀನ್ರಿ, ಕೊಡ್ತೀನ್ರಿ' ಅಂತ ಎರಡು ಸಲ ಅಂದ. 'ಆಕಿ ಪಾಠ ಬಿಡಸಬ್ಯಾಡಪ್ಪಾ, ನಾ ಇಲ್ಲಿಂದನ ಕೇಳ್ತೀನಿ' ಅಂದ್ಲು. ಫೋನಿನ ಸಪ್ಪಳ ದೊಡ್ಡದು ಮಾಡಿಟ್ಟು ಇಬ್ಬರೂ ಕೇಳಿದಿವಿ."

"ಡಿಸ್ಕೊ...?"

"ಹೂಂ ಮತ್ತ! ಮಂಚದ ಪಟ್ಟಿ ಮ್ಯಾಲ ಬೆರಳಿಲೆ ತಾಳ ಹಾಕಿದ್ಲು. 'ಉಮಾ, ಹುಡುಗಿ ಓಡಸ್ಲಿಕ್ಕತ್ತಾಳ ನೋಡು, ಎಲ್ಲಾ ನಂದೇ ಚಾಳಿ' ಅಂತ ನಕ್ಕಳು."

ಶರ್ವರಿ ಅಳುತ್ತಳುತ್ತಲೇ ನಕ್ಕುಬಿಟ್ಟಳು.

"ಆಮ್ಯಾಲೆ ಫೋನ್ ಕಿವಿಗಿಟ್ಕೊಂಡು ಆ ಹುಡುಗಗ ಏನೋ ಕೇಳಿದ್ಲವ್ವಾ. ಅವ ಏನಂದನೋ... 'ಅದನ್ನ ನನ್ನ ಮುಂದ್ಯಾಕ ಹೇಳ್ತಿ, ಆಕಿ ಮುಂದ ಹೇಳು' ಅಂದು ಇಟ್ಲು. ಮಾರಿ ತುಂಬ ನಗಿ. ಒಂದು ತಾಸಿಗೆ ಅದೇ ನಗಿಯಾಗ ಕಣ್ಣು ಮುಚ್ಚಿದ್ಲು."

ಮುಂದಿನ ಭಾನುವಾರ ಮೆಟ್ಟಿಲೇರಿ ಬಂದ ಶರ್ವರಿಯನ್ನು ಕಂಡು ವೈಭವ ಎದ್ದು ನಿಂತ.

"ನನಗ ಒಂದೇ ಮಾತು ತಿಳೀಬೇಕು. ಅಜ್ಜಿ ನಿಮ್ಮನ್ನ ಏನು ಕೇಳಿದ್ರು?"

ವೈಭವ ನೆಲ ನೋಡಿದ. "'ಊಟಕ್ಕ ಕೂತ್ರ ವೈಭವ ಸರ್ ಹಿಂಗಂದ್ರು, ವೈಭವ ಸರ್ ಹಂಗಂದ್ರು ಅಂತಾಳ. ಯಾರಪ್ಪಾ ನೀನು?' ಅಂದ್ರು."

'ಅಯ್ಯೋ, ಅಜ್ಜಿ!'

"ಆಮ್ಯಾಲೆ... 'ಆಕಿ ಮ್ಯಾಲ ನಿನಗ ಮನಸ್ಸದ ಏನು?' ಅಂದ್ರು."

"ನೀವೇನಂದ್ರಿ?"

"ಹೌದ್ರಿ ಅಂದೆ."

ಕೆಳಗೆ ಕಾವಲಿಯ ಮೇಲೆ ದೋಸೆ ಚುಂಯ್ ಎಂದಿತು.

"ನಾ ಅಷ್ಟು ಬೈದೆ... ಅವತ್ತೇ ಹೇಳಬಾರದಾಗಿತ್ತೇನು?"

"ಪಾಠ ಮುಗದ ಮ್ಯಾಲ ಹೇಳ್ಬೇಕಂತ ಧೈರ್ಯ ಕೂಡಸಾಕತ್ತಿದ್ದೆ. ಅಷ್ಟರಾಗ ಸುದ್ದಿ ಬಂತು. ಹೋದವರ ಮಾತು ಮುಂದಿಟ್ಟು ನಿಮ್ಮ ಮನಸ್ಸು ಗೆಲ್ಲೋದು ಸರಿ ಅನಸಲಿಲ್ರಿ. ಬೈದ್ರ ಬೈಲಿ ಅಂದ್ಕೊಂಡೆ."

ಶರ್ವರಿಯ ಕಣ್ಣು ತುಂಬಿತು. ಒಂದು ಹೆಜ್ಜೆ ಹತ್ತಿರ ಬಂದಳು.

"ವೈಭವ..."

"ಸರ್ ಎಲ್ಲಿ ಹೋತ್ರಿ?"

"ಹೋತು, ಇನ್ನ ಬರಂಗಿಲ್ಲ. ಅಜ್ಜಿ ಮುಂದ ಹೇಳೀದಿ. ಈಗ ನನ್ನ ಮುಂದ ಹೇಳು."

"ನನ್ನ ಜೀವೆಲ್ಲಾ ನಿನ್ನ ಮ್ಯಾಲ ಐತಿ, ಶರ್ವರಿ."

"ನಂದೂ..." ಎಂದು ಅವನ ಕೈ ಹಿಡಿದಳು.

ಆಮೇಲೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಬೀಳುತ್ತಿದ್ದ ಕಡೆ ಇಬ್ಬರೂ ಕೈ ಮುಗಿದು ನಿಂತರು.

"ಶ್ರೀಹರಿ, ಜೀವನವೆಲ್ಲಾ ನಿನ್ನ ಹೆಸರು ಹಾಡಿದಾಕಿ ನಿನ್ನ ಹತ್ರ ಬಂದಾಳ. ಆಕಿಗೆ ನಿನ್ನ ಪಾದದಾಗ ಜಾಗ ಕೊಡು. ಶಾಂತಿ ಕೊಡು" ಎಂದು ಶರ್ವರಿ ಅಜ್ಜಿಗಾಗಿ ಬೇಡಿದಳು.

"ಕೊಡಪ್ಪಾ ದೇವರ" ಎಂದ ವೈಭವ.